ಆಧಾರ್ ಕಳಿಸಿ ನಿದ್ದೆ ಕಳೆದುಕೊಂಡ ಹುಡುಗಿ

ಹೆಸರು, ಊರು, ಕಾಲೇಜು ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಸುಮಾ ಅನ್ನೋಣ. ಹಾಸನದ ಕಡೆಯವಳು, ಬಿ.ಕಾಂ ಮುಗಿಸಿ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದು ಕೆಲಸ ಹುಡುಕುತ್ತಿದ್ದಳು.

"ನಿದ್ದೆ ಬರ್ತಿಲ್ಲ ಮೇಡಂ" ಅಂತ ನನ್ನ ಹತ್ತಿರ ಸಲಹೆಗೆ ಬಂದಳು. ಸ್ವಲ್ಪ ಮಾತಾಡಿಸಿದ ಮೇಲೆ ವಿಷಯ ಹೊರಬಂತು. ಆನ್‌ಲೈನಲ್ಲಿ ರೆಸ್ಯೂಮೆ ಹಾಕಿದ್ದಳು. ಎಚ್‌ಆರ್ ಅಂತ ಒಬ್ಬ ವಾಟ್ಸಾಪ್‌ನಲ್ಲಿ ಬಂದ. ಫೋನಿನಲ್ಲೇ ಚಿಕ್ಕ ಇಂಟರ್‌ವ್ಯೂ, "ಸೆಲೆಕ್ಟ್ ಆಗಿದ್ದೀರಿ" ಅಂದ. ಹಿಂದೆಯೇ ಶುರು: ಇ-ಆಧಾರ್ ಪಿಡಿಎಫ್, ಪ್ಯಾನ್, ಕ್ಯಾನ್ಸಲ್ಡ್ ಚೆಕ್, ಕೊನೆಗೆ ಆಧಾರ್ ಕಾರ್ಡನ್ನು ಗಲ್ಲದ ಪಕ್ಕ ಹಿಡಿದು ಒಂದು ಸೆಲ್ಫಿ. ಸಂಜೆಯೊಳಗೆ ಬರದಿದ್ದರೆ ಕೆಲಸ ಬೇರೆಯವರಿಗೆ. ಎಲ್ಲ ಕಳಿಸಿದಳು. ಮಾರನೇ ದಿನ "ನಿಮ್ಮ ಮೊಬೈಲಿಗೆ ಓಟಿಪಿ ಬಂದಿದೆ, ಹೇಳಿ" ಅಂದಾಗ ಬೆಚ್ಚಿಬಿದ್ದು ಫೋನ್ ಕಟ್ ಮಾಡಿದಳು. ಆಮೇಲೆ ಆ ನಂಬರ್ ಸ್ವಿಚ್ ಆಫ್.

"ಸೆಲ್ಫಿ ಕೇಳಿದಾಗ್ಲೇ ಅನುಮಾನ ಬಂತು ಮೇಡಂ. ಯಾಕೆ ಅಂತ ಕೇಳಿದ್ರೆ ಎಲ್ಲಿ ಬೇಜಾರು ಮಾಡ್ಕೋತಾರೋ ಅಂತ ಸುಮ್ನಾದೆ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದ್ರೆ?"

ಈ ಮಾತಿನಲ್ಲೇ ಎಲ್ಲ ಇದೆ. ಹುಡುಗಿ ದಡ್ಡಿಯಲ್ಲ, ಅನುಮಾನವೂ ಬಂದಿತ್ತು. ಬಾಯಿ ಬರಲಿಲ್ಲ ಅಷ್ಟೇ. ಇಂಟರ್‌ವ್ಯೂಗೆ ಹೋಗುವ ಮಕ್ಕಳಿಗೆ ಕೂರುವುದು, ನಗುವುದು, ಕೈ ಕುಲುಕುವುದು ಎಲ್ಲ ಹೇಳಿಕೊಡುತ್ತೇವೆ. "ಇದು ಈಗಲೇ ಯಾಕೆ ಬೇಕು ಸರ್?" ಅಂತ ಕೇಳುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಇಂಥ ಭಯಕ್ಕೆ ಬರೀ ಸಮಾಧಾನದ ಮಾತು ಸಾಲದು, ಕೈಗೊಂದು ಕೆಲಸ ಬೇಕು. ಅಲ್ಲೇ ಕೂತು ಅವಳ ಫೋನಿನಲ್ಲೇ ಮಾಡಿಸಿದೆ. ಆಧಾರ್‌ನ ಸರ್ಕಾರಿ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದಳು, ಅಂದರೆ ಅವಳ ಬೆರಳಚ್ಚು, ಕಣ್ಣಿನ ಗುರುತು ಯಾರೂ ಬಳಸದ ಹಾಗೆ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ; ಹೊಸದೇನೂ ಇರಲಿಲ್ಲ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅವಳ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿದೆವು, ಅವಳದ್ದೊಂದೇ. ನಮ್ಮ ಹೆಸರಿನಲ್ಲಿ ಯಾವ ಸಾಲ ಇದೆ ಅಂತ ತೋರಿಸುವ ಕ್ರೆಡಿಟ್ ರಿಪೋರ್ಟ್ ಒಂದೊಂದು ಕ್ರೆಡಿಟ್ ಸಂಸ್ಥೆಯಿಂದಲೂ ವರ್ಷಕ್ಕೊಂದು ಉಚಿತ, ಒಂದು ಸಂಸ್ಥೆಯದನ್ನು ತರಿಸಿಕೊಂಡಳು. ಆಮೇಲೆ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು. "ದುಡ್ಡು ಹೋಗಿಲ್ವಲ್ಲ, ದೂರು ಯಾಕೆ?" ಅಂದಳು. ನಾಳೆ ಯಾರಾದರೂ ನಿನ್ನ ಹೆಸರಲ್ಲಿ ಸಾಲ ಎತ್ತಿದರೆ ಇವತ್ತಿನ ದೂರೇ ನಿನಗೆ ಆಸರೆ ಕಣಮ್ಮಾ ಅಂದೆ. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಅವಳಿಗೆ ಜಾಸ್ತಿ ಭಯ ಇದ್ದದ್ದು ಚೆಕ್ಕಿನ ಬಗ್ಗೆ. ಅದು ಬೇಡದ ಭಯ. ಬರೀ ಅಕೌಂಟ್ ನಂಬರ್, ಐಎಫ್‌ಎಸ್‌ಸಿ ಇಟ್ಟುಕೊಂಡು ಯಾರೂ ಹಣ ತೆಗೆಯಲಾರರು. ಆ ಸೆಲ್ಫಿಯೇ ಅಪಾಯ. ಮುಖ, ಕಾರ್ಡು ಎರಡೂ ಒಂದೇ ಫೋಟೋದಲ್ಲಿ ಸಿಕ್ಕರೆ ಅವಳ ಹೆಸರಿನಲ್ಲಿ ಎಲ್ಲಾದರೂ ಅರ್ಜಿ ಹಾಕಲು ಸುಲಭ. ಇನ್ನು ಆ ಪಿಡಿಎಫ್. ಅದಕ್ಕೆ ಪಾಸ್‌ವರ್ಡ್ ಇದೆ, ನಾನೇನೂ ಹೇಳಿಲ್ಲ ಅಂದಳು. ಇ-ಆಧಾರ್ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ಎರಡೂ ಅವಳ ರೆಸ್ಯೂಮೆಯಲ್ಲೇ ಇದ್ದವು! ಹುಟ್ಟಿದ ತಾರೀಖು, ತಂದೆಯ ಹೆಸರು, ಊರಿನ ಪೂರ್ತಿ ವಿಳಾಸ ರೆಸ್ಯೂಮೆಗೆ ಬೇಕಿಲ್ಲ. ಅವತ್ತೇ ತೆಗೆಸಿದೆ.

ಇನ್ನು ಮುಂದಿನ ಅರ್ಜಿಗಳು. ಅರ್ಜಿ ಹಾಕುವಾಗ ಹೆಸರು, ಫೋನ್, ಇಮೇಲ್, ಓದು ಇಷ್ಟು ಸಾಕು. ನಿಜವಾದ ಕಂಪನಿಗೂ ಪ್ಯಾನ್ ಬೇಕು, ಸಂಬಳದಲ್ಲಿ ತೆರಿಗೆ (ಟಿಡಿಎಸ್) ಹಿಡಿಯುವುದಕ್ಕೆ. ಪಿಎಫ್‌ಗೆ ಆಧಾರ್ ಬೇಕು, ಸಂಬಳಕ್ಕೆ ಅಕೌಂಟ್ ಬೇಕು. ಆದರೆ ಇದೆಲ್ಲ ಆಫರ್ ಲೆಟರ್ ಕೈಗೆ ಬಂದು, ಆಫೀಸು ಕಣ್ಣಾರೆ ನೋಡಿದ ಮೇಲಿನ ಮಾತು. ನಡುವೆ ಗುರುತಿಗೆ ಅಂತ ಕೇಳಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಓಟಿಪಿ ಮಾತ್ರ ಯಾರಿಗೂ ಇಲ್ಲ. ಖಾಸಗಿಯವರು ಆಧಾರ್ ಕೇಳಲು ದಾರಿ ಮಾಡಿದ್ದ ಕಾಯ್ದೆಯ ಭಾಗವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಹೊಡೆದುಹಾಕಿದೆ ಅಂತಲೂ ಹೇಳಿದೆ. ಹಾಗಂತ ಇಂಟರ್‌ವ್ಯೂನಲ್ಲಿ ಕಾನೂನು ಮಾತಾಡು ಅನ್ನಲಿಲ್ಲ. "ಆಫರ್ ಲೆಟರ್ ಬಂದ ತಕ್ಷಣ ಕೊಡ್ತೀನಿ ಸರ್" ಅಂದರೆ ಸಾಕು. ಆ ಒಂದು ಮಾತನ್ನು ನನ್ನೆದುರೇ ಜೋರಾಗಿ ಹೇಳಿಸಿದೆ. ಮೊದಲು ತಲೆ ತಗ್ಗಿಸಿ ಹೇಳಿದಳು, ಆಮೇಲಾಮೇಲೆ ಸರಿಹೋಯಿತು.

ಉಳಿದದ್ದು ಅಪ್ಪ. ಇವಳ ಫೀಸಿಗೆ ಸಾಲ ಮಾಡಿದ್ದವರು. ಹೇಳಿದರೆ ವಾಪಸ್ ಊರಿಗೆ ಬಾ ಅಂತಾರೆ ಅನ್ನುವ ಹೆದರಿಕೆ. ಹೇಳಲೇಬೇಕು ಅಂತ ನಾನು ಒತ್ತಾಯಿಸಲಿಲ್ಲ. ಊರಿನ ಮನೆಗೆ ಬ್ಯಾಂಕಿನ ಕಾಗದವೋ ವಸೂಲಿಯವರ ಫೋನೋ ಬಂದರೆ ಆಗ ಹೇಳುವುದು ಸುಲಭವೋ, ಈಗಲೋ, ನೀನೇ ಯೋಚಿಸು ಅಂದೆ. ಭಾನುವಾರ ಅಮ್ಮನ ಹತ್ತಿರ ಮೊದಲು ಹೇಳಿದಳಂತೆ. ಅಪ್ಪ ಸ್ವಲ್ಪ ಕೂಗಾಡಿ, ಆಮೇಲೆ "ನಂದೂ ಲಾಕ್ ಮಾಡ್ಕೊಡು" ಅಂದರಂತೆ.

ಮೊನ್ನೆ ರಾಜಾಜಿನಗರದ ಒಂದು ಆಫೀಸಿನಲ್ಲಿ ಫಾರ್ಮ್ ತುಂಬುವಾಗ ಆಧಾರ್ ಜಾಗ ಖಾಲಿ ಬಿಟ್ಟಳು. ಅಲ್ಲಿದ್ದವರು ಏನೂ ಕೇಳದೆ ಫಾರ್ಮ್ ತೆಗೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ. ಹೊಸ ಸಾಲ ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣಲು ಸಮಯ ಹಿಡಿಯುತ್ತದೆ. ಹಾಗಾಗಿ ಒಂದೆರಡು ತಿಂಗಳು ಬಿಟ್ಟು ಇನ್ನೊಂದು ಸಂಸ್ಥೆಯ ರಿಪೋರ್ಟ್ ತರಿಸಿ ನೋಡಲು ಹೇಳಿ ಕಳಿಸಿದ್ದೇನೆ.