ಸರ್ಬಿಯನ್-ಕ್ರೊಯೇಷಿಯನ್ ಕ್ರಿಯಾಪದಗಳ ರೂಪ ಕಲಿಯುವುದು ಹೇಗೆ?

ಪ್ರತಿ ಕ್ರಿಯಾಪದದ ಜೊತೆ ಅದರ 'ನಾನು' ರೂಪವನ್ನೂ ಬಾಯಿಪಾಠ ಮಾಡಿ. ಮೂಲರೂಪ ಒಂದನ್ನೇ ಕಲಿತರೆ ಸಾಲದು. ಯಾಕೆಂದರೆ ಅದನ್ನು ನೋಡಿ ವರ್ತಮಾನ ರೂಪವನ್ನು ಊಹಿಸೋದು ಕಷ್ಟ. ಚಿತಾತಿ (ಓದು), ಪಿಸಾತಿ (ಬರೆ), ಲೆಜಾತಿ (ಮಲಗಿರು) ಮೂರೂ 'ಆತಿ'ಯಲ್ಲೇ ಮುಗಿಯುತ್ತವೆ. ಆದರೆ 'ನಾನು' ರೂಪ ಬೇರೆ ಬೇರೆ: ಚಿತಾಮ್, ಪಿಶೆಮ್, ಲೆಜಿಮ್. ಪಿಶೆಮ್‌ನಲ್ಲಿ 'ಸ' ಹೋಗಿ 'ಶ' ಬಂದಿದ್ದನ್ನೂ ಗಮನಿಸಿ.

ಈ ಒಂದು ರೂಪ ಗೊತ್ತಾದರೆ ಉಳಿದದ್ದು ಸಲೀಸು. ಚಿತಾಮ್ (ಓದುತ್ತೇನೆ), ಚಿತಾಶ್ (ಓದುತ್ತೀಯ), ಚಿತಾ (ಓದುತ್ತಾನೆ, ಓದುತ್ತಾಳೆ), ಚಿತಾಮೊ (ಓದುತ್ತೇವೆ), ಚಿತಾತೆ (ಓದುತ್ತೀರಿ). 'ಅವರು' ರೂಪದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು: ಚಿತಾಯು, ಪಿಶು, ಲೆಜೆ. 'ನಾನು' ರೂಪ 'ಮ್'ನಲ್ಲಿ ಮುಗಿಯದವು ಎರಡೇ: ಮೊಗು (ನನ್ನಿಂದಾಗುತ್ತದೆ), ಹೊಚು (ನನಗೆ ಬೇಕು).

ಕನ್ನಡದವರಿಗೆ ಇಲ್ಲಿ ಅನುಕೂಲ ಜಾಸ್ತಿ. ನಮ್ಮ ಹಾಗೇ ಅವರೂ ನಾನು, ನೀನು ಬಿಟ್ಟು ಮಾತಾಡುತ್ತಾರೆ, ಕ್ರಿಯಾಪದದ ತುದಿಯೇ ಯಾರು ಅಂತ ಹೇಳುತ್ತದೆ. ಒಬ್ಬರಿಗೇ ಮರ್ಯಾದೆಯಿಂದ ಹೇಳುವಾಗ 'ನೀವು' ರೂಪ ಬಳಸೋದೂ ನಮ್ಮಂತೆಯೇ.

ಭೂತಕಾಲದಲ್ಲಿ ಒಂದು ವ್ಯತ್ಯಾಸವಿದೆ. 'ನಾನು ಓದಿದೆ' ಎಂದರೆ ಕನ್ನಡದಲ್ಲಿ ಗಂಡು, ಹೆಣ್ಣು ಇಬ್ಬರಿಗೂ ಒಂದೇ, ಅಲ್ವಾ? ಅಲ್ಲಿ ಗಂಡಸು 'ಚಿತಾವೊ ಸಾಮ್' ಅಂದರೆ ಹೆಂಗಸು 'ಚಿತಾಲಾ ಸಾಮ್' ಅನ್ನಬೇಕು. ಮೊದಲ ದಿನದಿಂದಲೇ ನಿಮಗೆ ಹೊಂದುವ ರೂಪವನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ.