ಟ್ರಂಕು ಒಳಕೋಣೆಯಲ್ಲಿತ್ತು

ನಾನು ಹಾಸನ ಜಿಲ್ಲೆಯ ಸರ್ಕಾರಿ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಲಹೆಗಾರ್ತಿ. ಎಆರ್‌ಟಿ ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಗಳ ಚಿಕಿತ್ಸೆ. ಇಲ್ಲಿ ಹೇಳುತ್ತಿರುವವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಕೇಂದ್ರದಲ್ಲಿ ಅವರನ್ನು ಅಕ್ಕ ಅಂತ ಕರೆಯುತ್ತೇನೆ. ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ 49 ವರ್ಷ. ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿ ವಾಸ. 2009ರಲ್ಲಿ ಗಂಡ ತೀರಿಕೊಂಡ ಮೇಲೆ ಇವರಿಗೂ ಪರೀಕ್ಷೆ ಆಯಿತು. ಎಚ್‌ಐವಿ ಇತ್ತು. ಆಗ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, ಬರೀ 86. ತೂಕ 34 ಕೆಜಿ. ಪುಣ್ಯಕ್ಕೆ ಮಗನಿಗೆ ಇರಲಿಲ್ಲ.

ಅಂದಿನಿಂದ ಅವರು ಚಿಕಿತ್ಸೆ ಬಿಟ್ಟಿಲ್ಲ. ಅದು ಎಷ್ಟು ದೊಡ್ಡ ಮಾತು ಅನ್ನೋದು ಹಳೇ ಮಾತ್ರೆಗಳನ್ನು ಕಂಡವರಿಗೆ ಗೊತ್ತು. ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾಗಿದ್ದು 2004ರ ಏಪ್ರಿಲ್ 1ರಂದು, ಬರೀ 8 ಸರ್ಕಾರಿ ಆಸ್ಪತ್ರೆಗಳಲ್ಲಿ. ಅಕ್ಕ ಬರುವ ಹೊತ್ತಿಗೆ ಕೇಂದ್ರಗಳು ಜಾಸ್ತಿಯಾಗಿದ್ದವು, ಆದರೆ ಔಷಧಿ ಹಳೆಯದೇ. ಸ್ಟಾವುಡಿನ್ ಇದ್ದ ಮಾತ್ರೆ, ದಿನಕ್ಕೆ ಎರಡು ಸಲ. ಕೆನ್ನೆ ಬತ್ತಿತು, ಅಂಗಾಲು ಉರಿಯುತ್ತಿತ್ತು. ಆಮೇಲೆ ಎಫಾವಿರೆಂಜ್ ಬಂತು. ರಾತ್ರಿ ನುಂಗಿದರೆ ತಲೆ ತಿರುಗುವುದು, ಕೆಟ್ಟ ಕೆಟ್ಟ ಕನಸು. 2021ರಿಂದ ಡೊಲುಟೆಗ್ರಾವಿರ್ ಇರುವ ಮಾತ್ರೆ, ದಿನಕ್ಕೆ ಒಂದೇ. ಅಕ್ಕ ಇಷ್ಟನ್ನೂ ದಾಟಿ ಬಂದವರು. ತೂಕ 58 ಕೆಜಿ ಆಗಿತ್ತು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಲು ವರ್ಷಕ್ಕೊಮ್ಮೆ ಮಾಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ಪ್ರತಿ ಸಲವೂ "ವೈರಸ್ ಪತ್ತೆಯಾಗಿಲ್ಲ" ಅಂತಲೇ ಬರುತ್ತಿತ್ತು.

ಹೊಸಬರು ಅಳುತ್ತಾ ಬಂದರೆ ನಾನು ಅಕ್ಕನನ್ನು ತೋರಿಸುತ್ತಿದ್ದೆ, ಅವರ ಒಪ್ಪಿಗೆ ಕೇಳಿಯೇ. "ನೋಡಿ, ಇವರು ಇಷ್ಟು ವರ್ಷದಿಂದ ಒಂದು ಮಾತ್ರೆ ತಪ್ಪಿಸಿಲ್ಲ." ಅಕ್ಕ ಬಂದಾಗ ಸಲಹೆಯೂ ಅಷ್ಟೇ. "ನಿಮಗೇನು ಹೇಳೋದು ಅಕ್ಕ, ನೀವೇ ನಮಗೆ ಹೇಳ್ಬೇಕು" ಅಂತ ಎರಡು ನಿಮಿಷಕ್ಕೆ ಕಳಿಸಿಬಿಡುತ್ತಿದ್ದೆ. ಹೊರಗೆ ಸಾಲು ಉದ್ದ ಇರುತ್ತಿತ್ತು, ನಿಜ. ಆದರೆ ನಾನು ಮಾಡಿದ ತಪ್ಪು ಇಲ್ಲೇ ಇದೆ.

ಹೋದ ಮಳೆಗಾಲದಲ್ಲಿ ಅವರ ರಿಪೋರ್ಟ್ ಬಂತು. ವೈರಲ್ ಲೋಡ್ 6,840. ಒಂದು ಮಿಲಿಲೀಟರ್ ರಕ್ತದಲ್ಲಿ 1,000 ದಾಟಿದರೆ ನಾವು ತಕ್ಷಣ ಎಚ್ಚೆತ್ತುಕೊಳ್ಳಬೇಕು. ಔಷಧಿ ಕೆಲಸ ನಿಲ್ಲಿಸಿದೆ ಅಂತ ಒಂದೇ ಏಟಿಗೆ ತೀರ್ಮಾನಿಸುವುದಿಲ್ಲ. ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗುತ್ತಿದೆಯಾ ಅಂತ ಕೂತು ಮಾತಾಡಿ, ಅಡ್ಡಿ ಏನಿದೆಯೋ ಅದನ್ನು ಸರಿಪಡಿಸಿ, 3 ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡುತ್ತೇವೆ.

ಕೇಳಿದೆ. "ಮಾತ್ರೆ ತಪ್ಪಿಸ್ತಾ ಇದೀರಾ ಅಕ್ಕ?"

"ಇಲ್ಲಮ್ಮ."

ಡಬ್ಬಿಯಲ್ಲಿ ಉಳಿದದ್ದು ಎಣಿಸಿದರೆ ಲೆಕ್ಕ ಪಕ್ಕಾ. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂದಾಗ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಮಂಡಿನೋವಿಗೆ, ಸುಸ್ತಿಗೆ ಅಂತ ಒಂದು ಕ್ಲಿನಿಕ್‌ನಲ್ಲಿ ಕೊಟ್ಟಿದ್ದ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಜೊತೆಗೆ ಗ್ಯಾಸ್‌ಗೆ ಒಂದು ಸಿರಪ್. ಎಲ್ಲವನ್ನೂ ಬೆಳಗ್ಗೆ ಖಾಲಿ ಹೊಟ್ಟೆಗೆ, ಎಆರ್‌ಟಿ ಮಾತ್ರೆಯ ಜೊತೆಗೇ. ಡೊಲುಟೆಗ್ರಾವಿರ್‌ಗೆ ಇದು ಆಗುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಗ್ಯಾಸ್ ಸಿರಪ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ಇವೆಲ್ಲ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಳ್ಳುತ್ತವೆ. ಔಷಧಿ ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ.

ಕಾರಣ ಸಿಕ್ಕಿತು ಅಂತ ನನಗೆ ಸಮಾಧಾನವಾಯಿತು. ಹೊತ್ತು ಬದಲಿಸಲು ಹೇಳಿ ಕಳಿಸಿದೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಅಕ್ಕ ಯಾವಾಗಲೂ ರಾತ್ರಿ ಊಟದ ಮೇಲೆ ಮಾತ್ರೆ ನುಂಗುವವರು. ಬೆಳಗ್ಗೆಗೆ ಯಾಕೆ ಬದಲಾಯಿತು?

ಮುಂದಿನ ತಿಂಗಳು ಅವರು ಬಂದಾಗ ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ಬಾಗಿಲು ಹಾಕಿ, ನಿನ್ನೆ ರಾತ್ರಿಯ ಕಥೆ ಕೇಳಿದೆ. ಏನು ಊಟ, ಯಾರ್ಯಾರು ಇದ್ದಿರಿ, ಎಲ್ಲಿ ಮಲಗಿದಿರಿ. ಆಮೇಲೆ, "ಮನೇಲಿ ಜನ ಜಾಸ್ತಿ ಇದ್ದಾಗ ಎಲ್ಲರಿಗೂ ಒಂದಷ್ಟು ದಿನ ತಪ್ಪುತ್ತೆ ಅಕ್ಕ. ನಿಮಗೆ ತಿಂಗಳಿಗೆ ಐದು ದಿನ ತಪ್ಪುತ್ತಾ, ಹತ್ತು ದಿನವಾ?" ಅಂದೆ.

ತುಂಬ ಹೊತ್ತು ಸೆರಗಿನ ತುದಿ ಮಡಚುತ್ತಾ ಕೂತಿದ್ದರು.

"ಹದಿನೈದು ಅಂತಿಟ್ಕಳಿ" ಅಂದರು.

ಮಗನಿಗೆ ವರ್ಷದ ಹಿಂದೆ ಮದುವೆಯಾಗಿದೆ. ಮನೆಯಲ್ಲಿ ಇರುವುದು ಎರಡೇ ಕೋಣೆ. ಒಳಕೋಣೆ ಗಂಡ ಹೆಂಡತಿಗೆ. ಮಾತ್ರೆ ಡಬ್ಬಿ ಇದ್ದದ್ದು ಅಕ್ಕನ ಸೀರೆ ಟ್ರಂಕಿನಲ್ಲಿ, ಆ ಟ್ರಂಕು ಒಳಕೋಣೆಯಲ್ಲಿ. ಎಂಟೂವರೆಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದವರ ಬಾಗಿಲನ್ನು ಅತ್ತೆ ಹೇಗೆ ತಟ್ಟುವುದು? ಸೊಸೆ ಕೆಲಸಕ್ಕೆ ಹೊರಟ ಮೇಲೆ ಬೆಳಗ್ಗೆ ತೆಗೆದುಕೊಳ್ಳೋಣ ಅಂದರೆ, ಎಷ್ಟೋ ದಿನ ಅಕ್ಕನೇ ಮೊದಲು ತೋಟಕ್ಕೆ ಹೊರಡಬೇಕಾಗುತ್ತಿತ್ತು.

"ಮತ್ತೆ ಲೆಕ್ಕ ಸರಿ ಇತ್ತಲ್ಲ ಅಕ್ಕ?"

"ಉಳಿದಿದ್ದನ್ನ ಕಾಫಿ ಗಿಡದ ಬುಡಕ್ಕೆ ಹಾಕ್ಬಿಟ್ಟೆ ಕಣಮ್ಮ. ನೀವು ಎಲ್ರ ಮುಂದೆ ನನ್ನ ಹೊಗಳ್ತಿದ್ರಿ. ಹೆಂಗೆ ಹೇಳ್ಲಿ?"

ಆ ಮಾತು ಕೇಳಿ ನನಗೆ ಕಣ್ಣು ತುಂಬಿತು. ಅವರಿಗೆ ಧೈರ್ಯ ಕೊಡುತ್ತಿದ್ದೇನೆ ಅಂದುಕೊಂಡು ನಾನು ಅವರ ಬಾಯಿ ಕಟ್ಟಿಹಾಕಿದ್ದೆ. ಕ್ಷಮೆ ಕೇಳಿದೆ. ಅವರು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ಅಲ್ಲಿಂದ ಮುಂದೆ ಮಾತು ಸಲೀಸಾಯಿತು.

ಮೊದಲು ಬಂದದ್ದು ಅವರ ಪ್ರಶ್ನೆ. "ಇಷ್ಟು ವರ್ಷ ರಕ್ತದಲ್ಲಿ ಏನೂ ಕಾಣಿಸ್ಲಿಲ್ಲ. ಮೈ ಗಟ್ಟಿಮುಟ್ಟಾಗಿದೆ. ನಾಲ್ಕು ದಿನ ಬಿಟ್ರೆ ಏನಾಗುತ್ತೆ ಅನ್ನಿಸ್ತಿತ್ತು." ವೈರಸ್ ರಕ್ತದಲ್ಲಿ ಕಾಣದಿದ್ದರೂ ದೇಹದ ಕೆಲವು ಜೀವಕೋಶಗಳ ಒಳಗೆ ಸುಮ್ನೆ ಅಡಗಿರುತ್ತದೆ, ಮಾತ್ರೆ ನಿಂತರೆ ಎದ್ದು ಬರುತ್ತದೆ, ಅರೆಬರೆ ಔಷಧಿಯಲ್ಲಿ ಬೆಳೆದರೆ ಆ ಔಷಧಿಗೇ ಬಗ್ಗದ ಹಾಗೆ ಬದಲಾಗಬಹುದು ಅಂತ ವಿವರಿಸಿದೆ. ಅಕ್ಕ ಕೇಳಿಸಿಕೊಂಡು, "ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದಂಗೆ. ಗಿಡ ಹಸಿರಾಗಿರುವಾಗಲೇ ಹೊಡೀಬೇಕು. ಕೊಳೆ ಬಂದ್ಮೇಲೆ ಹೊಡೆದು ಏನು?" ಅಂದರು. ಈಗ ತೋಟದಿಂದ ಬರುವ ಬೇರೆಯವರಿಗೂ ನಾನು ಹೀಗೇ ಹೇಳುತ್ತೇನೆ.

ಸೊಸೆಗೆ ಹೇಳಲೇಬೇಕಾ ಅಂತ ಕೇಳಿದರು. ಬೇಕಿಲ್ಲ ಅಂದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಕೋರ್ಟ್ ಆದೇಶ ಇಲ್ಲದೆ, ತನ್ನ ಸ್ಥಿತಿಯನ್ನು ಹೇಳು ಅಂತ ಯಾರನ್ನೂ ಒತ್ತಾಯಿಸುವ ಹಾಗಿಲ್ಲ. ಹೇಳಿದರೆ ಹಗುರವಾಗುತ್ತದೆ ಅನ್ನಿಸಿದ ದಿನ ಹೇಳಬಹುದು, ಬೇಕಾದರೆ ನಾನೂ ಜೊತೆಗಿರುತ್ತೇನೆ. ಅಲ್ಲಿಯವರೆಗೆ ಮಾತ್ರೆಗೆ ಒಂದು ಜಾಗ ಬೇಕು, ಅಷ್ಟೇ. ಮಗನಿಗೆ ವಿಷಯ ಗೊತ್ತಿತ್ತು. ಟ್ರಂಕನ್ನು ಹೊರಗೆ ತಂದಿಡಲು ಅವನಿಗೆ ಹೇಳಿ ಅಂದೆ. ಒಂದು ವರ್ಷದ ಕಷ್ಟ ಇಷ್ಟರಲ್ಲೇ ಮುಗಿಯುತ್ತಿತ್ತು. ಯಾರೂ ಕೇಳಿರಲಿಲ್ಲ.

ಡಬ್ಬಿ ಗಲಗಲ ಅನ್ನುತ್ತದೆ ಅನ್ನುವುದು ಇನ್ನೊಂದು ಅಂಜಿಕೆ. ಮಾತ್ರೆಯನ್ನು ಕಾಗದದಲ್ಲಿ ಕಟ್ಟಿ ಅಕ್ಕಿ ಡಬ್ಬದಲ್ಲಿ ಬಚ್ಚಿಡುವವರು ನನಗೆ ಗೊತ್ತು. ಮಲೆನಾಡಿನ ಮಳೆಯಲ್ಲಿ ಅದು ಬೇಡ, ತೇವ ಹಿಡಿಯುತ್ತದೆ. ದೊಡ್ಡ ಡಬ್ಬಿಯ ಒಳಗಿರುವ ತೇವ ಹೀರುವ ಪೊಟ್ಟಣ ಬಿಸಾಡಬಾರದು. ಸದ್ದಾಗದ ಹಾಗೆ ಮೇಲೆ ಒಣ ಹತ್ತಿ ತುರುಕಿ, ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಚಿಕ್ಕ ಬಿಗಿ ಡಬ್ಬಿಗೆ ಹಾಕಿಟ್ಟುಕೊಳ್ಳಿ ಅಂದೆ.

ಎಆರ್‌ಟಿ ಮಾತ್ರೆ ಮೊದಲಿನ ಹಾಗೆ ರಾತ್ರಿ ಊಟದ ಮೇಲೆ. ಕ್ಯಾಲ್ಸಿಯಂ, ಕಬ್ಬಿಣ ಏನಿದ್ದರೂ ಬೆಳಗಿನ ತಿಂಡಿ ಜೊತೆ. ಗ್ಯಾಸ್ ಸಿರಪ್ ಕುಡಿಯಲೇಬೇಕಾದರೆ ಎಆರ್‌ಟಿ ನುಂಗಿ 2 ಗಂಟೆ ಆದ ಮೇಲೆ, ಇಲ್ಲವೇ ನುಂಗುವ 6 ಗಂಟೆ ಮೊದಲು. ಹೊರಗಿನ ಕ್ಲಿನಿಕ್‌ನಲ್ಲಿ ಎಚ್‌ಐವಿ ವಿಷಯ ಹೇಳಲು ಮನಸ್ಸಿಲ್ಲದಿದ್ದರೆ, ಅಲ್ಲಿ ಕೊಟ್ಟ ಮಾತ್ರೆಯನ್ನು ನುಂಗುವ ಮೊದಲು ನಮಗೆ ತಂದು ತೋರಿಸಬೇಕು. ಚಿಕಿತ್ಸೆ ಗೆದ್ದು ವಯಸ್ಸಾಗುತ್ತಿರುವವರಿಗೆ ಈ ಮಾತು ಜಾಸ್ತಿ ಮುಖ್ಯ. ಬಿಪಿ, ಶುಗರ್, ಮಂಡಿನೋವು ಎಲ್ಲರ ಹಾಗೆ ಇವರಿಗೂ ಬರುತ್ತವೆ. ಶುಗರ್‌ನ ಮೆಟ್‌ಫಾರ್ಮಿನ್ ಕೂಡ ಡೊಲುಟೆಗ್ರಾವಿರ್ ಜೊತೆ ರಕ್ತದಲ್ಲಿ ಏರುತ್ತದೆ, ಡೋಸ್ ನೋಡಬೇಕು. ಎಆರ್‌ಟಿ ಮಾತ್ರೆಯಲ್ಲಿ ಟೆನೊಫೊವಿರ್ ಅನ್ನುವ ಔಷಧಿಯೂ ಇರುವುದರಿಂದ ಕಿಡ್ನಿ ಪರೀಕ್ಷೆ ತಪ್ಪಿಸಬಾರದು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಅಪಾಯ ಜಾಸ್ತಿ. ಅಕ್ಕ ಆ ಪರೀಕ್ಷೆ ಮಾಡಿಸಿಕೊಂಡೇ ಇರಲಿಲ್ಲ. ಅವತ್ತೇ ಮಾಡಿಸಿದೆವು, ತೊಂದರೆ ಇರಲಿಲ್ಲ.

ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು.

"ಸೊಸೆ ಬಸುರಿ. ಮಗು ಹುಟ್ಟಿದ್ಮೇಲೆ ನಾನು ಎತ್ಕೋಬಹುದಾ?"

ಹದಿನೈದು ವರ್ಷಕ್ಕೂ ಮೇಲೆ ನಮ್ಮಲ್ಲಿಗೆ ಬರುತ್ತಿರುವ ಹೆಂಗಸು. ಗೋಡೆಯ ಮೇಲಿನ ಪೋಸ್ಟರ್‌ಗಳನ್ನೆಲ್ಲ ನೋಡಿದವರು. ಈ ಪ್ರಶ್ನೆ ಅವರ ಒಳಗೆ ಎಷ್ಟು ಕಾಲದಿಂದ ಇತ್ತೋ. ಅವರನ್ನು ಮತ್ತೆ ಕೂರಿಸಿದೆ. ಎತ್ತಿಕೊಳ್ಳಬಹುದು, ಮುತ್ತು ಕೊಡಬಹುದು, ಸ್ನಾನ ಮಾಡಿಸಬಹುದು, ತುತ್ತು ತಿನ್ನಿಸಬಹುದು. ಒಂದೇ ತಟ್ಟೆ, ಒಂದೇ ಹಾಸಿಗೆ, ಯಾವುದರಿಂದಲೂ ಎಚ್‌ಐವಿ ಬರುವುದಿಲ್ಲ. ವೈರಲ್ ಲೋಡ್ ಏರಿದ್ದಾಗಲೂ ಬರುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿ ವೈರಸ್ ಪತ್ತೆಯಾಗದ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸಂಗಾತಿಗೆ ಹರಡುವುದಿಲ್ಲ ಅಂತಲೂ ಹೇಳಿದೆ. ಮಗುವಿನ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಮೂರು ತಿಂಗಳಾದ ಮೇಲೆ ಪರೀಕ್ಷೆ ಆಯಿತು. ಪತ್ತೆಯಾಗಿಲ್ಲ ಅಂತ ಬಂತು. ಔಷಧಿ ಬದಲಿಸಬೇಕಾಗಲಿಲ್ಲ. ರಿಪೋರ್ಟ್ ಓದಿ ಹೇಳಿದಾಗ ನಾನು ಹೊಗಳಲಿಲ್ಲ. ಈ ಸಲ ಎಷ್ಟು ದಿನ ತಪ್ಪಿತು ಅಂತ ಕೇಳಿದೆ.

"ಎರಡು" ಅಂದರು, ತಕ್ಷಣ. "ಹಾಸನಾಂಬೆ ದರ್ಶನಕ್ಕೆ ಬಂದಾಗ ಒಂದಿನ. ನೆಂಟರ ಮನೇಲಿ ಒಂದಿನ." ಉಳಿದ ಎರಡು ಮಾತ್ರೆಯನ್ನು ಡಬ್ಬಿಯಲ್ಲೇ ತಂದಿದ್ದರು. ಮೇಜಿನ ಮೇಲಿಟ್ಟರು.

ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಈಗ ಒಳಕೋಣೆ ಖಾಲಿ ಇದೆಯಲ್ಲ, ಟ್ರಂಕು ಮತ್ತೆ ಒಳಗಿಟ್ಟಿರಾ ಅಂತ ಕೇಳಿದೆ.

"ಇಲ್ಲಮ್ಮ, ಅದು ಹೊರಗೇ ಇರ್ಲಿ. ಮಗು ಬರುತ್ತಲ್ಲ."