ಫಿಶ್‌ಐ ಲೆನ್ಸನ್ನ ಇನ್ಫಿನಿಟಿಗಿಟ್ರೂ ದೂರದ್ದೆಲ್ಲ ಮಸುಕು: ಪ್ರತಿಕ್ರಿಯೆ

8 ಎಂಎಂ ಎಫ್/3.5 ಮ್ಯಾನ್ಯುಯಲ್ ಫಿಶ್‌ಐನ (ಕೈಯಲ್ಲೇ ಫೋಕಸ್ ಮಾಡೋ, ತುಂಬಾ ಅಗಲದ ನೋಟ ಹಿಡಿಯೋ ಲೆನ್ಸ್) ಇನ್ಫಿನಿಟಿ (ಅತಿ ದೂರದ್ದಕ್ಕೆ ಫೋಕಸ್) ಗುರುತಿಗಿಟ್ರೂ ನಿಮ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಡಿಎಸ್ಎಲ್ಆರಲ್ಲಿ ದೂರದ ಗೋಪುರ ಮಸುಕಾಗಿ ಬರ್ತಿದೆ ಅಂದ್ರಲ್ಲ, ಬಹುತೇಕ ಲೆನ್ಸ್ ಮೇಲಿನ ಸ್ಕೇಲೇ ತಪ್ಪಿರುತ್ತೆ, ಗ್ಲಾಸ್ ಕೆಟ್ಟಿರಲ್ಲ. ನನ್ ಲೆನ್ಸಲ್ಲಿ ನಿಜವಾದ ಇನ್ಫಿನಿಟಿ ಸಿಕ್ಕಿದ್ದು 1 ಮೀಟರ್ ಗುರುತಿನ ಹತ್ರ. ನಿಮ್ದರಲ್ಲಿ ಎಲ್ಲಿದೆ ಅಂತ ಇಲ್ಲಿಂದ ಹೇಳಕ್ಕಾಗಲ್ಲ, ಒಂದೊಂದು ಪೀಸೂ ಬೇರೆ, ನೀವೇ ಹುಡುಕ್ಬೇಕು.

ಮೊದ್ಲು ಕ್ಯಾಮೆರಾನ ಟ್ರೈಪಾಡ್ ಮೇಲಿಟ್ಟು ಅಪರ್ಚರ್ ರಿಂಗ್ (ಬೆಳಕು ಬಿಡೋ ಕಿಂಡಿ ಹಿಗ್ಗಿಸೋ-ಕುಗ್ಗಿಸೋ ರಿಂಗ್) ಪೂರ್ತಿ ತೆರೀರಿ, ಎಫ್/3.5ಗೆ. ವ್ಯೂಫೈಂಡರ್ ನಂಬಲೇಬೇಡಿ, ಇಷ್ಟು ವೈಡ್ ಲೆನ್ಸಲ್ಲಿ ಅದ್ರೊಳಗೆ ಎಲ್ಲಾ ಶಾರ್ಪಾಗೇ ಕಾಣುತ್ತೆ. ಲೈವ್ ವ್ಯೂ (ಹಿಂದಿನ ಸ್ಕ್ರೀನಲ್ಲಿ ದೃಶ್ಯ ಕಾಣೋದು) ಆನ್ ಮಾಡಿ ಪೂರ್ತಿ ಝೂಮ್ ಮಾಡಿ, ನೂರಿನ್ನೂರು ಮೀಟರ್ ಆಚೆಗಿರೋ ಮೊಬೈಲ್ ಟವರ್ ಥರದ್ದನ್ನ ಫ್ರೇಮ್ ಮಧ್ಯಕ್ಕೆ ತಂದು, ಫೋಕಸ್ ರಿಂಗನ್ನ ಕೂದಲೆಳೆಯಷ್ಟೇ ಆ ಕಡೆ ಈ ಕಡೆ ತಿರುಗಿಸ್ತಾ ಟವರಿನ ಕಂಬಿಗಳು ಬಿಡಿಬಿಡಿಯಾಗಿ ಕಾಣೋ ಜಾಗ ಹುಡ್ಕಿ, ಅಲ್ಲಿ ಬಿಳಿ ಟೇಪ್ ಅಂಟಿಸಿ ಪೆನ್ನಲ್ಲಿ ಗೆರೆ ಎಳ್ದ್‌ಬಿಡಿ.

ಆಮೇಲೆ ಅಪರ್ಚರ್ ಕಿಂಡಿ ಚಿಕ್ಕದು ಮಾಡಿ ಎಫ್/8ಗೆ ಬನ್ನಿ. ರಿಂಗ್ ಆ ಗೆರೆ ಮೇಲಿದ್ರೆ ಲೆಕ್ಕದ ಪ್ರಕಾರ ಸುಮಾರು 40 ಸೆಂಟಿಮೀಟರಿಂದ ಆಚೆಗಿರೋದೆಲ್ಲ ಫೋಕಸಲ್ಲಿರುತ್ತೆ, ಮತ್ತೆ ಮುಟ್ಟೋ ಕೆಲ್ಸಾನೇ ಇಲ್ಲ, ಎದುರಿಗಿನ ಕಂಬದ ಕೆತ್ತನೆ, ಹಿಂದಿನ ಗೋಪುರ ಎರಡೂ ಒಟ್ಟಿಗೆ ಸಿಗುತ್ತೆ ನೋಡಿ, ಈ ಲೆನ್ಸಿನ ನಿಜವಾದ ಸುಖ ಅದು. ಎಫ್/16 ದಾಟ್ಬೇಡಿ, ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡೀಲಿ ಬೆಳಕು ಚದುರೋದ್ರಿಂದ) ಚಿತ್ರ ಮತ್ತೆ ಮೆತ್ತಗಾಗುತ್ತೆ.

ಇಷ್ಟು ಮಾಡಿದ್ಮೇಲೂ ಎಫ್/8ರಲ್ಲಿ ಒಂದೇ ಪಕ್ಕ ಮಸುಕಿದ್ರೆ ಒಳಗಿನ ಗ್ಲಾಸ್ ಓರೆಯಾಗಿರೋ ಸಾಧ್ಯತೆ ಇದೆ, ಅದನ್ನ ನಾವು ಸರಿಮಾಡಕ್ಕಾಗಲ್ಲ, ವಾರಂಟಿ ಇರುವಾಗಲೇ ಬದಲಾಯಿಸ್ಕೊಳ್ಳಿ.